ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಬುಲ್ಲಿಯಿಂಗ್ ಅಳೆಯುವುದು ಹೇಗೆ? ಪ್ರಶ್ನಾವಳಿ ತಿದ್ದಿಕೊಡಿ

ಬಿಳಿಹಲಗೆ:
ಎಲ್ಲರಿಗೂ ನಮಸ್ಕಾರ. 1ರಿಂದ 5ನೇ ತರಗತಿವರೆಗಿನ ಸುಮಾರು 210 ಮಕ್ಕಳ ನಡುವೆ ಬುಲ್ಲಿಯಿಂಗ್ ಎಷ್ಟಿದೆ, ಯಾವ ಬಗೆಯದು, ಎಲ್ಲೆಲ್ಲಿ ನಡೆಯುತ್ತಿದೆ ಎಂದು ಅಳೆಯಬೇಕಿದೆ. ಕೈಯಲ್ಲಿರುವುದು ಒಂದೇ ಪುಟದ ಪ್ರಶ್ನಾವಳಿ:

1. ನಿನ್ನನ್ನು ಯಾರಾದರೂ ಬುಲ್ಲಿ ಮಾಡಿದ್ದಾರಾ? ಹೌದು / ಇಲ್ಲ
2. ನೀನು ಯಾರನ್ನಾದರೂ ಬುಲ್ಲಿ ಮಾಡಿದ್ದೀಯಾ? ಹೌದು / ಇಲ್ಲ
3. ನಿನ್ನ ಕ್ಲಾಸಿನಲ್ಲಿ ಬುಲ್ಲಿ ಯಾರು? ಹೆಸರು ಬರೆ.

ಇದನ್ನೇ ಐದೂ ತರಗತಿಗಳಿಗೆ ಒಂದೇ ದಿನ ಕೊಟ್ಟು ಮುಗಿಸುವ ಯೋಚನೆ. ಎಲ್ಲಿ ತಪ್ಪಿದೆಯೋ ನೇರವಾಗಿ ಹೇಳಿ.

ಅಳತೆಗೋಲು:
ನೇರವಾಗಿಯೇ ಹೇಳುತ್ತೇನೆ. ಮೂರನ್ನೂ ಬದಿಗಿಟ್ಟು ಹೊಸದಾಗಿ ಶುರು ಮಾಡಿ.

ಮೊದಲು ಏನನ್ನು ಅಳೆಯುತ್ತಿದ್ದೀರಿ ಎಂಬುದು ಗಟ್ಟಿಯಾಗಬೇಕು. ನಾರ್ವೆಯಲ್ಲಿ ಡಾನ್ ಓಲ್ವೇಯಸ್ ಕಟ್ಟಿಕೊಟ್ಟ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ: ಬೇಕೆಂದೇ ನೋಯಿಸುವುದು, ಅದು ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲದಲ್ಲಿ ಏರುಪೇರು ಇರುವುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2014ರಲ್ಲಿ ಹೊರತಂದ ವ್ಯಾಖ್ಯೆ ಇದಕ್ಕೆ ಒಂದು ಮಾತು ಸೇರಿಸಿತು. ಒಮ್ಮೆಯೇ ನಡೆದಿದ್ದರೂ ಮತ್ತೆ ನಡೆಯುವ ಸಾಧ್ಯತೆ ಬಲವಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಒಡಹುಟ್ಟಿದವರ ನಡುವಿನದು ಬರುವುದಿಲ್ಲ.

ಎಲ್ಲರೂ ಮರೆಯುವುದು ಮೂರನೆಯ ಅಂಶವನ್ನು. ಸಮಬಲದ ಇಬ್ಬರು ದಿನಾ ಕಿತ್ತಾಡಿದರೆ ಅದು ಜಗಳ. ಅದನ್ನೂ ಬಿಡಿಸಬೇಕು ನಿಜ, ಆದರೆ ಅದರ ಖಾನೆ ಬೇರೆ, ಉಪಾಯವೂ ಬೇರೆ. ಬಲ ಎಂದರೆ ಮೈಕಟ್ಟು ಮಾತ್ರ ಅಂದುಕೊಳ್ಳಬೇಡಿ. ಹೆಚ್ಚು ಗೆಳೆಯರಿರುವುದು, ಚುರುಕು ನಾಲಿಗೆ, ಒಂದೆರಡು ವರ್ಷ ದೊಡ್ಡವರಾಗಿರುವುದು, ಇನ್ನೊಬ್ಬರ ಗುಟ್ಟು ಗೊತ್ತಿರುವುದು, ಎಲ್ಲವೂ ಬಲವೇ.

ಎರಡನೆಯದಾಗಿ, "ಹೌದು / ಇಲ್ಲ"ದಲ್ಲಿ ಕಾಲವೂ ಇಲ್ಲ, ಎಣಿಕೆಯೂ ಇಲ್ಲ. ಎರಡು ವರ್ಷದ ಹಿಂದೆ ಒಮ್ಮೆ ತಳ್ಳಿಸಿಕೊಂಡ ಮಗುವೂ ದಿನಾ ತಳ್ಳಿಸಿಕೊಳ್ಳುವ ಮಗುವೂ ಒಂದೇ "ಹೌದು" ಬರೆಯುತ್ತವೆ. ಓಲ್ವೇಯಸ್ ಪ್ರಶ್ನಾವಳಿಯ 1996ರ ಪರಿಷ್ಕೃತ ರೂಪ "ಕಳೆದ ಒಂದೆರಡು ತಿಂಗಳಲ್ಲಿ" ಎಂದು ಕೇಳಿ ಐದು ಆಯ್ಕೆ ಕೊಡುತ್ತದೆ: ಆಗಿಲ್ಲ, ಒಂದೆರಡು ಸಲ ಮಾತ್ರ, ತಿಂಗಳಿಗೆ 2–3 ಸಲ, ವಾರಕ್ಕೊಮ್ಮೆ, ವಾರದಲ್ಲಿ ಹಲವು ಸಲ. "ತಿಂಗಳಿಗೆ 2–3 ಸಲ" ಮತ್ತು ಅದಕ್ಕಿಂತ ಹೆಚ್ಚು ಎಂದವರನ್ನು ಬುಲ್ಲಿಯಿಂಗ್ ಎಣಿಕೆಗೆ ಸೇರಿಸುವ ಗಡಿರೇಖೆಯನ್ನು ಸೋಲ್‌ಬರ್ಗ್ ಮತ್ತು ಓಲ್ವೇಯಸ್ 2003ರಲ್ಲಿ ಆಧಾರಸಹಿತ ಮುಂದಿಟ್ಟರು. ನೀವೂ ಅದೇ ಗೆರೆ ಹಿಡಿಯಿರಿ. "ಒಂದೆರಡು ಸಲ"ದವರನ್ನು ಬೇರೆ ಸಾಲಿನಲ್ಲಿ ತೋರಿಸಿ. ಎರಡನ್ನೂ ಕಲಸಿದರೆ ಅಂಕಿ ದುಪ್ಪಟ್ಟಾಗಿ ಕಾಣುತ್ತದೆ, ಯಾರಿಗೆ ಮೊದಲು ಕೈಹಿಡಿಯಬೇಕು ಎಂಬುದು ಮಸುಕಾಗುತ್ತದೆ.

ಮೂರನೆಯ ಪ್ರಶ್ನೆಯನ್ನಂತೂ ಈ ರೂಪದಲ್ಲಿ ಯಾವ ಕಾರಣಕ್ಕೂ ಕೊಡಬೇಡಿ. ಅದು ಅಳತೆಯಲ್ಲ, ಮಗುವಿನ ಹಣೆಗೆ ಪಟ್ಟಿ ಅಂಟಿಸುವ ಕೆಲಸ.

ಮಕ್ಕಳಮಾತು:
ಪದದ ವಿಷಯಕ್ಕೆ ಬರುತ್ತೇನೆ. ಅರ್ಧ ಅಳತೆ ಕೆಡುವುದು ಅಲ್ಲೇ.

"ಬುಲ್ಲಿ" ಎಂಬ ಮಾತು ಪ್ರಶ್ನೆಯಲ್ಲಿದ್ದರೆ ಮಕ್ಕಳು ತಾವು ಮಾಡಿದ್ದನ್ನು ಕಡಿಮೆ ಒಪ್ಪಿಕೊಳ್ಳುತ್ತಾರೆ. "ನಾನು ಅವನ ಚೀಲ ಬಚ್ಚಿಟ್ಟೆ" ಎಂದು ಸಲೀಸಾಗಿ ಹೇಳುವ ಮಗು "ನಾನು ಬುಲ್ಲಿ" ಎಂದು ಬರೆಯುವುದಿಲ್ಲ. ಕನ್ನಡದಲ್ಲಿ ಕೇಳುವಾಗ ಇನ್ನೊಂದು ತೊಡಕು. "ಪೀಡನೆ", "ದೌರ್ಜನ್ಯ" ಪತ್ರಿಕೆಯ ಮಾತುಗಳು, ಎಂಟು ವರ್ಷದ ಮಗುವಿನ ಬಾಯಲ್ಲಿ ಇಲ್ಲ. "ಕೀಟಲೆ", "ತಮಾಷೆ" ತೀರಾ ಹಗುರ. "ರೇಗಿಸೋದು" ಗೆಳೆಯರ ನಡುವೆಯೂ ನಡೆಯುತ್ತದೆ. ತೀರಾ ಹತ್ತಿರದ್ದು "ಗೋಳು ಹೊಯ್ದುಕೊಳ್ಳೋದು". ಪದೇ ಪದೇ ಎಂಬುದೂ ತಪ್ಪಿಸಿಕೊಳ್ಳಲು ಆಗದ ಸ್ಥಿತಿಯೂ ಆ ಮಾತಿನ ಒಳಗೇ ಇದೆ. "ಕಾಟ ಕೊಡೋದು" ಕೂಡ ನಡೆಯುತ್ತದೆ. ಆದರೆ ಮನೆಯಲ್ಲಿ ಪುಟ್ಟ ತಮ್ಮ ಮುದ್ದಿಗೆ ಗೋಳು ಹೊಯ್ದುಕೊಳ್ಳುವುದಕ್ಕೂ ಇದೇ ಮಾತು. ಹಾಗಾಗಿ ಒಂದೇ ಪದವನ್ನು ನೆಚ್ಚಿಕೊಳ್ಳಬೇಡಿ. ನಡೆದದ್ದನ್ನು ನಡೆದ ಹಾಗೇ ಕೇಳಿ:

ಕಳೆದ ರಜೆ ಮುಗಿದ ಮೇಲೆ ಶಾಲೆಯಲ್ಲಿ ಬೇರೆ ಮಕ್ಕಳು...
– ಬೇಕು ಅಂತಲೇ ನನ್ನನ್ನು ತಳ್ಳಿದರು, ಹೊಡೆದರು ಅಥವಾ ಒದ್ದರು
– ನನಗೆ ಇಷ್ಟವಿಲ್ಲದ ಅಡ್ಡಹೆಸರು ಹಿಡಿದು ಕರೆದರು
– ನಾನು ಮಾತಾಡೋ ರೀತಿ, ನಡೆಯೋ ರೀತಿ ಅಥವಾ ನನ್ನ ಮೈ ನೋಡಿ ಅಣಕಿಸಿದರು
– ಆಟಕ್ಕೆ ನನ್ನನ್ನು ಸೇರಿಸಿಕೊಳ್ಳಲಿಲ್ಲ, ಬೇರೆಯವರಿಗೂ ಸೇರಿಸಬೇಡಿ ಅಂದರು
– ನನ್ನ ಬಗ್ಗೆ ಸುಳ್ಳು ಹೇಳಿ ಯಾರೂ ನನ್ನ ಜೊತೆ ಮಾತಾಡದ ಹಾಗೆ ಮಾಡಿದರು
– ನನ್ನ ವಸ್ತು ಕಿತ್ತುಕೊಂಡರು, ಬಚ್ಚಿಟ್ಟರು ಅಥವಾ ಹಾಳು ಮಾಡಿದರು
– ಹೆದರಿಸಿ, ನನಗೆ ಬೇಡದ ಕೆಲಸ ಮಾಡಿಸಿದರು
– ಫೋನಿನಲ್ಲಿ ನನ್ನ ಬಗ್ಗೆ ಕೆಟ್ಟದ್ದು ಕಳಿಸಿದರು (4, 5ನೇ ತರಗತಿಗೆ ಮಾತ್ರ)

"ಬೇರೆ ಮಕ್ಕಳು" ಎಂಬುದನ್ನು ಬಿಡಲೇಬೇಡಿ. ಬರೀ "ಹೊಡೆದರು" ಎಂದರೆ ಆ "ರು" ಬಹುವಚನವೋ ಗೌರವವೋ ಮಗುವಿಗೆ ತಿಳಿಯದು. ದೊಡ್ಡವರು ಹೊಡೆದದ್ದನ್ನೂ ಸೇರಿಸಿ ಉತ್ತರಿಸುತ್ತದೆ.

ನಾಲ್ಕನೆಯದು, ಐದನೆಯದು ಪಟ್ಟಿಯಲ್ಲಿ ಇರಲೇಬೇಕು. ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ 1995ರಲ್ಲಿ ಸಂಬಂಧದ ಮೂಲಕ ನೋಯಿಸುವುದನ್ನು ಬೇರೆಯಾಗಿ ಅಳೆದು ತೋರಿಸುವವರೆಗೆ ಗಮನ ಹೆಚ್ಚಾಗಿ ಪೆಟ್ಟಿನ ಮೇಲೇ ಇತ್ತು. ಒಬ್ಬಳು ಇನ್ನೊಬ್ಬಳಿಗೆ ಠೂ ಬಿಡುವುದು ದಿನದ ಮಾತು, ನಾಳೆ ಸರಿಹೋಗುತ್ತದೆ. ಇಡೀ ಗುಂಪಿಗೆ "ಅವಳಿಗೆ ಠೂ ಬಿಡಿ" ಎಂದು ಹೇಳಿಸುವುದು ಬೇರೆಯೇ ಸಂಗತಿ.

ಯಾವುದಾದರೂ ಒಂದಕ್ಕೆ ತಿಂಗಳಿಗೆ 2–3 ಸಲ ಅಥವಾ ಹೆಚ್ಚು ಎಂದರೆ ಇನ್ನೊಂದು ಪ್ರಶ್ನೆ: "ಅದನ್ನು ನಿಲ್ಲಿಸೋದು ನಿನ್ನಿಂದ ಆಗುತ್ತಿತ್ತಾ?" ಬಲದ ಏರುಪೇರು ಗೊತ್ತಾಗುವುದು ಇದರಿಂದ. ಇದೇ ಪಟ್ಟಿಯನ್ನು ತಿರುಗಿಸಿ "ನಾನು ಬೇರೆ ಮಕ್ಕಳನ್ನು..." ಎಂದು ಎರಡನೇ ಪುಟದಲ್ಲಿ ಕೇಳಿ. ಆದದ್ದು ಮೊದಲು, ಮಾಡಿದ್ದು ಆಮೇಲೆ.

ಎರಡನೇಗಂಟೆ:
ಮೇಲಿನದೆಲ್ಲ 3ನೇ ತರಗತಿಯಿಂದ ಮೇಲಿನವರಿಗೆ. 1, 2ಕ್ಕೆ ಕಾಗದ ಕೊಡಲೇಬೇಡಿ.

ಪೀಟರ್ ಸ್ಮಿತ್ ಮತ್ತು ಸಂಗಡಿಗರು 2002ರಲ್ಲಿ 14 ದೇಶಗಳಲ್ಲಿ ಕಡ್ಡಿಗೊಂಬೆಯ ಚಿತ್ರ ತೋರಿಸಿ ಮಕ್ಕಳಿಗೆ ಯಾವುದು ಬುಲ್ಲಿಯಿಂಗ್ ಅನ್ನಿಸುತ್ತದೆ ಎಂದು ಕೇಳಿದ್ದರು. 8 ವರ್ಷದವರು ಮುಖ್ಯವಾಗಿ ನೋಯಿಸಿದ್ದು, ನೋಯಿಸದೇ ಇದ್ದದ್ದು ಎಂದು ಎರಡು ಪಾಲು ಮಾಡಿದರು. ಜಗಳ, ಬುಲ್ಲಿಯಿಂಗ್, ಮಾತಿನ ಪೆಟ್ಟು, ಹೊರಗಿಡುವುದು ಎಂದು ಬಿಡಿಸಿ ನೋಡಿದವರು 14ರ ಹರೆಯದವರು. ಹಾಗಿರುವಾಗ ಆರು ವರ್ಷದ ಮಗುವಿನಿಂದ ವ್ಯಾಖ್ಯೆ ಬಯಸುವುದು ನ್ಯಾಯವಲ್ಲ. ಬಿಡಿಸಿ ನೋಡುವ ಕೆಲಸ ದೊಡ್ಡವರದು.

ಒಬ್ಬೊಬ್ಬರನ್ನೇ ಕೂರಿಸಿಕೊಂಡು, 8ರಿಂದ 10 ಚಿತ್ರದ ಕಾರ್ಡು, 10–12 ನಿಮಿಷ. ಉತ್ತರಕ್ಕೆ ಮೂರು ಲೋಟದ ಚಿತ್ರ: ಖಾಲಿ (ಆಗಿಲ್ಲ), ಅರ್ಧ (ಒಂದೊಂದು ಸಲ), ತುಂಬಿದ್ದು (ತುಂಬಾ ಸಲ). ಶುರುವಿನಲ್ಲಿ ಅಭ್ಯಾಸಕ್ಕೆ ಮೂರು ಪ್ರಶ್ನೆ. "ಆನೆ ಮೇಲೆ ಕೂತು ಶಾಲೆಗೆ ಬರ್ತೀಯಾ?" ಎಂದರೆ ಖಾಲಿ ಲೋಟ ಮುಟ್ಟಬೇಕು. "ರಾತ್ರಿ ನಿದ್ದೆ ಮಾಡ್ತೀಯಾ?" ಎಂದರೆ ತುಂಬಿದ ಲೋಟ. "ಆಟ ಆಡುವಾಗ ಬೀಳ್ತೀಯಾ?" ಎಂದರೆ ಹೆಚ್ಚಿನವರು ಅರ್ಧ ಮುಟ್ಟುತ್ತಾರೆ. ಆನೆಗೂ ತುಂಬಿದ ಲೋಟವನ್ನೇ ಮುಟ್ಟಿದ ಮಗುವಿಗೆ ಲೋಟದ ಲೆಕ್ಕ ಹತ್ತಿಲ್ಲ. ಇನ್ನೊಮ್ಮೆ ಹೇಳಿಕೊಡಿ. ಆಗಲೂ ಹಾಗೇ ಆದರೆ ಆ ಮಗುವಿನ ಉತ್ತರವನ್ನು ಎಣಿಕೆಯಿಂದ ಹೊರಗಿಡಿ, ಮಾತುಕತೆ ಮಾತ್ರ ಮುಂದುವರಿಸಿ. ಈ ಮೂರು ಅಭ್ಯಾಸದ ಪ್ರಶ್ನೆ ಬಿಟ್ಟವರ ಅಂಕಿಯನ್ನು ನಂಬುವುದು ಕಷ್ಟ.

ಕಾಲ: "ಒಂದೆರಡು ತಿಂಗಳು" ಈ ವಯಸ್ಸಿಗೆ ನಿಲುಕದು. "ಈ ವಾರ" ಸಾಕು. ಹಾಗಾಗಿ ಈ ಎರಡು ತರಗತಿಯ ಅಂಕಿಯನ್ನು ಮೇಲಿನ ತರಗತಿಯ ಅಂಕಿಯ ಜೊತೆ ಕೂಡಿಸಬೇಡಿ, ಹೋಲಿಸಲೂ ಬೇಡಿ.

ಬಿಳಿಹಲಗೆ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೂರನೇ ಪ್ರಶ್ನೆ ಬಗ್ಗೆ ಇನ್ನೂ ಗೊಂದಲ ಉಳಿದಿದೆ. ಮಕ್ಕಳೇ ಸಹಪಾಠಿಗಳ ಹೆಸರು ಹೇಳುವ ವಿಧಾನವನ್ನು ಸಂಶೋಧನೆಗಳಲ್ಲಿ ಬಳಸುತ್ತಾರಲ್ಲವೇ? ಹಾಗಾದರೆ ಇಲ್ಲಿ ಯಾಕೆ ಬೇಡ?

ಅಳತೆಗೋಲು:
ವಿಧಾನ ಬೇಡ ಅಂದಿಲ್ಲ, ಆ ರೂಪ ಬೇಡ ಅಂದೆ. ಸರಿಯಾಗಿ ಮಾಡಿದರೆ ಸಹಪಾಠಿಗಳ ಮಾತಿಗಿಂತ ಗಟ್ಟಿ ಆಧಾರ ಕಡಿಮೆ. ಮಗು ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕೂ ಬೇರೆಯವರು ಅದರ ಬಗ್ಗೆ ಹೇಳುವುದಕ್ಕೂ ಹೊಂದಾಣಿಕೆ ಸಾಮಾನ್ಯವಾಗಿ ಸಾಧಾರಣ ಮಟ್ಟದ್ದೇ. ಒಂದು ಸುಳ್ಳು, ಇನ್ನೊಂದು ನಿಜ ಎಂದು ಇದರ ಅರ್ಥವಲ್ಲ. ಒಂದು ಒಳಗಿನ ನೋವು ಹೇಳುತ್ತದೆ, ಇನ್ನೊಂದು ಹೊರಗೆ ಕಂಡದ್ದು ಹೇಳುತ್ತದೆ.

ಮಾಡುವ ಬಗೆ: ಪ್ರತಿ ಮಗುವಿಗೂ ತರಗತಿಯ ಹೆಸರುಪಟ್ಟಿ, ಪ್ರತಿ ಹೆಸರಿಗೆ ಸಂಖ್ಯೆ. ಉತ್ತರದಲ್ಲಿ ಸಂಖ್ಯೆ ಮಾತ್ರ ಬರೆಯಬೇಕು. "ಯಾರೂ ಇಲ್ಲ" ಎಂಬ ಆಯ್ಕೆ ಇರಲೇಬೇಕು, ಇಲ್ಲದಿದ್ದರೆ ಜಾಗ ತುಂಬಲೆಂದೇ ಯಾರದೋ ಸಂಖ್ಯೆ ಬರೆಯುತ್ತಾರೆ. ನಡವಳಿಕೆ ಕೇಳಿ, ಹಣೆಪಟ್ಟಿ ಕೇಳಬೇಡಿ: "ಬೇರೆಯವರನ್ನು ಆಟದಿಂದ ಹೊರಗಿಡೋದು ಯಾರು?" ನಡುನಡುವೆ ಒಳ್ಳೆಯ ಪ್ರಶ್ನೆಗಳು: "ಯಾರಾದರೂ ಅಳ್ತಾ ಇದ್ದರೆ ಹತ್ತಿರ ಹೋಗೋದು ಯಾರು?" ಕೊನೆಯ ಪ್ರಶ್ನೆ ಯಾವಾಗಲೂ ಒಳ್ಳೆಯದೇ ಆಗಿರಲಿ.

ಲೆಕ್ಕ: ತರಗತಿಯಲ್ಲಿ 32 ಮಕ್ಕಳು, ಉತ್ತರ ಕೊಟ್ಟವರು 28. ಉತ್ತರ ಕೊಟ್ಟ ಮಗುವೊಂದನ್ನು ಹೆಸರಿಸಬಹುದಾದವರು 27 (ತನ್ನನ್ನು ತಾನು ಹೆಸರಿಸುವಂತಿಲ್ಲ). 9 ಮಂದಿ ಹೆಸರಿಸಿದರೆ 9 ÷ 27 = 0.33. ಅಂದು ಬಾರದ ಮಗುವನ್ನು 28 ಮಂದಿಯೂ ಹೆಸರಿಸಬಹುದು, ಆಗ 9 ÷ 28 = 0.32. ಬರೀ "9 ಮತ" ಎಂದು ಬರೆದರೆ 20 ಮಕ್ಕಳ ತರಗತಿಯ 9ಕ್ಕೂ 40 ಮಕ್ಕಳ ತರಗತಿಯ 9ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅರ್ಧದಷ್ಟು ಮಕ್ಕಳಷ್ಟೇ ಉತ್ತರಿಸಿದ್ದರೆ ಲೆಕ್ಕ ಹಾಕುವುದೇ ಬೇಡ. ಒಂದು ಗೆಳೆಯರ ಗುಂಪಿನ ಅಭಿಪ್ರಾಯವೇ ಇಡೀ ತರಗತಿಯದೆಂದು ಕಾಣುತ್ತದೆ.

ಇದರಿಂದ ಸಿಗುವ ದೊಡ್ಡ ಲಾಭ ಸುತ್ತ ನಿಂತವರ ಚಿತ್ರ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಆರು ಪಾತ್ರ ಗುರುತಿಸಿದರು: ಕಾಟ ಕೊಡುವವರು, ಅವರಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿದು ನಿಲ್ಲುವವರು, ಕಾಟ ತಿನ್ನುವವರ ಪರ ನಿಲ್ಲುವವರು, ಕಾಟ ತಿನ್ನುವವರು. ಇಬ್ಬರನ್ನೇ ಅಳೆದರೆ ಈ ನಡುವಿನ ನಾಲ್ಕು ಗುಂಪು ಕಾಣುವುದೇ ಇಲ್ಲ, ಬದಲಾವಣೆ ತರಬಹುದಾದದ್ದು ಅಲ್ಲೇ.

ಮಕ್ಕಳಮಾತು:
ಸರ್, ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಶಾಲೆ ತನ್ನ ಉಪಯೋಗಕ್ಕೆ ತಾನೇ ಇದನ್ನು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಂಶೋಧನೆಯಲ್ಲಿ ಆ ಪಟ್ಟಿ ಹೊರಗಿನವರ ಕೈಯಲ್ಲಿರುತ್ತದೆ, ಸಂಖ್ಯೆಯಾಗಿ ಉಳಿಯುತ್ತದೆ. ಶಾಲೆಯಲ್ಲಿ ಅದೇ ಪಟ್ಟಿ ನಾಳೆ ಪಾಠ ಮಾಡುವವರ ಕಣ್ಣಿಗೆ ಬೀಳುತ್ತದೆ. 0.33 ಎಂದು ಬರೆಸಿಕೊಂಡ ಒಂಬತ್ತು ವರ್ಷದ ಮಗು ಇಡೀ ವರ್ಷ ಅದರ ನೆರಳಲ್ಲಿ ಕೂರುತ್ತದೆ. ಸಾಲ್ಮಿವಾಲಿ ಅವರ ಆ ಅಧ್ಯಯನದ ಮಕ್ಕಳು 12–13 ವರ್ಷದವರು ಎಂಬುದನ್ನೂ ಮರೆಯಬಾರದು. ಚಿಕ್ಕವರು ಹೊಡೆಯುವವರು ಯಾರು ಎಂಬುದರಲ್ಲಿ ಸುಮಾರಾಗಿ ಒಮ್ಮತಕ್ಕೆ ಬಂದರೂ ಹೊಡೆಸಿಕೊಳ್ಳುವವರು ಯಾರು ಎಂಬುದರಲ್ಲಿ ಅಷ್ಟಾಗಿ ಬರುವುದಿಲ್ಲ.

ಮಕ್ಕಳು ಹೊರಗೆ ಬಂದ ಕೂಡಲೇ "ನೀನು ಯಾರ ಹೆಸರು ಬರೆದೆ?" ಎಂದು ಕೇಳಿಕೊಳ್ಳುವುದು ಇನ್ನೊಂದು. ಆಟದ ಬಿಡುವಿಗೆ ಮುಂಚಿನ ಗಂಟೆಯಲ್ಲಿ ಇದನ್ನು ಇಟ್ಟರೆ ಅಂಗಳದಲ್ಲೇ ಜಗಳ ಶುರು.

ಅಳತೆಗೋಲು:
ಒಪ್ಪುವ ಮಾತು, ವಿಶೇಷವಾಗಿ ಪಟ್ಟಿ ಯಾರ ಕೈಯಲ್ಲಿ ಎಂಬುದು. ಹಾಗಾದರೆ ಹೀಗೆ ಮಾಡಬಹುದು. 4, 5ನೇ ತರಗತಿಗೆ ಮಾತ್ರ, ಪರ ನಿಲ್ಲುವವರು ಯಾರು, ಸಹಾಯ ಬೇಕಿರುವವರು ಯಾರು ಎಂಬ ಎರಡೇ ಪ್ರಶ್ನೆ. ಕಾಟ ಕೊಡುವವರ ಹೆಸರು ಕೇಳುವುದೇ ಬೇಡ. ಪಾಲಕರ ಒಪ್ಪಿಗೆ, ಮಗುವಿನ ಒಪ್ಪಿಗೆ ಎರಡೂ ಇರಲಿ. ಉತ್ತರಪತ್ರ ತರಗತಿಯ ಶಿಕ್ಷಕರ ಕೈ ಸೇರದೆ ಆಪ್ತಸಮಾಲೋಚಕರ ಬಳಿ ಮಾತ್ರ ಇರಲಿ. ಅದಾದ ಮೇಲಿನ ಗಂಟೆ ಚಿತ್ರಕಲೆಯೋ ಕತೆಯೋ ಇರಲಿ.

ಆಟದಬಯಲು:
ಇಷ್ಟೆಲ್ಲ ಮಾತಾಡಿದರೂ ಅಂಗಳಕ್ಕೆ ಯಾರೂ ಇಳಿದಿಲ್ಲ. ನೋಡಿ ಬರೆಯುವುದು ಚಿಕ್ಕ ಮಕ್ಕಳ ವಿಷಯದಲ್ಲಿ ಅತ್ಯಗತ್ಯ.

ಕೆನಡಾದಲ್ಲಿ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಮಕ್ಕಳ ಬಟ್ಟೆಗೆ ತಂತಿರಹಿತ ಮೈಕ್ ಸಿಕ್ಕಿಸಿ, ದೂರದಿಂದ ವಿಡಿಯೋ ತೆಗೆದು ಆಟದ ಬಿಡುವನ್ನು ಅಧ್ಯಯನ ಮಾಡಿದರು. ಅಲ್ಲಿ ಕಂಡ ಮುಖ್ಯ ಸಂಗತಿ, ಹೆಚ್ಚಿನ ಘಟನೆಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು, ದೊಡ್ಡವರ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ. ಹಾಕಿನ್ಸ್ ಜೊತೆ 2001ರಲ್ಲಿ ಪ್ರಕಟಿಸಿದ ಬರಹದಲ್ಲಿ ಇನ್ನೊಂದು ಅಂಕಿ ಇದೆ: ಮಕ್ಕಳೇ ಮಧ್ಯ ಪ್ರವೇಶಿಸಿದ ಸಂದರ್ಭಗಳಲ್ಲಿ ಶೇ 57ರಷ್ಟರಲ್ಲಿ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಘಟನೆಗಳು ಬಹಳ ಚಿಕ್ಕವು, ಹೆಚ್ಚಿನವು ಒಂದು ನಿಮಿಷವೂ ಇರುವುದಿಲ್ಲ. ಅಂಗಳದ ಅಂಚಿನಲ್ಲಿ ನಿಂತು ಒಟ್ಟಾರೆ ಕಣ್ಣಾಡಿಸಿದರೆ ಸಿಗುವುದಿಲ್ಲ.

ಮೈಕು, ಕ್ಯಾಮೆರಾ ಬೇಕಿಲ್ಲ. ಅಂಗಳವನ್ನು ನಾಲ್ಕು ಭಾಗ ಮಾಡಿ. ಇಬ್ಬರು ಒಂದೇ ಭಾಗವನ್ನು, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದ ಹಾಗೆ ನಿಂತು, 15 ಸೆಕೆಂಡಿನ ಖಾನೆಗಳಲ್ಲಿ ಗುರುತು ಹಾಕಲಿ. 100 ಖಾನೆಗೆ 25 ನಿಮಿಷ ಬೇಕು, ಎರಡು ಬಿಡುವಿನಲ್ಲಿ ಮುಗಿಯುತ್ತದೆ. ಮೊದಲ ಎರಡು ಮೂರು ದಿನದ ಹಾಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೊಸಬರು ನಿಂತಿದ್ದಾರೆ ಎಂದು ಮಕ್ಕಳು ತಮ್ಮನ್ನು ತಾವು ಬಿಗಿಹಿಡಿದಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಗುದ್ದಾಟದ ಆಟವನ್ನು ಕಾಟ ಎಂದು ಬರೆಯುವುದರಲ್ಲಿ. ಆಟವಾದರೆ ಮುಖದಲ್ಲಿ ನಗು ಇರುತ್ತದೆ. ಇಬ್ಬರದೂ ನಗು, ಒಬ್ಬರದಲ್ಲ. ಬೆನ್ನಟ್ಟುವವನು ಸ್ವಲ್ಪ ಹೊತ್ತಿಗೆ ತಾನೇ ಓಡುವವನಾಗುತ್ತಾನೆ. ಬಲ ಇರುವವನು ಬೇಕೆಂದೇ ಸೋಲುತ್ತಾನೆ, ಪೆಟ್ಟಿನ ಬಿಗಿ ಕಡಿಮೆ ಮಾಡುತ್ತಾನೆ. ಮುಗಿದ ಮೇಲೂ ಜೊತೆಯಲ್ಲೇ ಉಳಿಯುತ್ತಾರೆ. ಕಾಟವಾದರೆ ಸರದಿ ಬದಲಾಗುವುದಿಲ್ಲ, ಒಬ್ಬರು ನಗುತ್ತಾರೆ, ಇನ್ನೊಬ್ಬರ ಕಣ್ಣು ದಾರಿ ಹುಡುಕುತ್ತಿರುತ್ತದೆ, ಬಿಟ್ಟ ಕೂಡಲೇ ದೂರ ಹೋಗುತ್ತಾರೆ. ಗೊತ್ತಾಗದಿದ್ದರೆ ಇನ್ನೂ 30 ಸೆಕೆಂಡು ನೋಡಿ. ಆಮೇಲೆ ಏನಾಯಿತು ಎಂಬುದೇ ಅತಿ ಒಳ್ಳೆಯ ಸುಳಿವು.

ಇಬ್ಬರ ಹಾಳೆ ಎಷ್ಟು ಹೊಂದುತ್ತದೆ ಎಂದು ನೋಡುವಾಗ ಬರೀ ಶೇಕಡಾ ನೋಡಿ ಮೋಸಹೋಗಬೇಡಿ. 100 ಖಾನೆಯಲ್ಲಿ 6ರಲ್ಲಿ ಇಬ್ಬರೂ "ಕಾಟ ಇದೆ", 86ರಲ್ಲಿ ಇಬ್ಬರೂ "ಇಲ್ಲ", ಉಳಿದ 8ರಲ್ಲಿ ನಾಲ್ಕು ನಾಲ್ಕರಂತೆ ಒಬ್ಬರು ಇದೆ, ಒಬ್ಬರು ಇಲ್ಲ ಎಂದಿದ್ದಾರೆ ಅಂತಿಟ್ಟುಕೊಳ್ಳಿ. ಹೊಂದಾಣಿಕೆ ಶೇ 92. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಇಬ್ಬರೂ ತಲಾ 10 ಖಾನೆಗೆ "ಇದೆ" ಎಂದಿರುವುದರಿಂದ ಸುಮ್ಮನೆ ಆಕಸ್ಮಿಕವಾಗಿಯೇ 0.1 × 0.1 + 0.9 × 0.9 = 0.82 ಹೊಂದುತ್ತಿತ್ತು. ಆಕಸ್ಮಿಕದ ಪಾಲು ಕಳೆದು ನಿಜವಾದ ಹೊಂದಾಣಿಕೆ ಎಷ್ಟೆಂದು ತೋರಿಸುವ ಅಳತೆ ಕೊಹೆನ್ ಅವರ ಕಪ್ಪಾ: (0.92 − 0.82) ÷ (1 − 0.82) = 0.56. ಇದು ಸಾಧಾರಣ. 0.60 ಕನಿಷ್ಠ ಮಿತಿ, ಆದರೂ 0.70 ದಾಟುವವರೆಗೆ ಇಬ್ಬರೂ ಕೂತು ಆ ಎಂಟು ಖಾನೆಗಳನ್ನು ಒಂದೊಂದಾಗಿ ಚರ್ಚಿಸಿ, ಮತ್ತೆ ಅಂಗಳಕ್ಕೆ ಹೋಗಬೇಕು.

ಬಿಳಿಹಲಗೆ:
ತರಗತಿಯ ಶಿಕ್ಷಕರಿಂದ ಒಂದು ಪಟ್ಟಿ ತುಂಬಿಸುವುದು ಉಪಯೋಗವೇ?

ಎರಡನೇಗಂಟೆ:
ಉಪಯೋಗವೇ, ಅದರ ಮಿತಿ ತಿಳಿದಿದ್ದರೆ. ಪಾಠಕ್ಕೆ ಅಡ್ಡಿ ಮಾಡುವ ಮಗುವಿಗೆ ಎಲ್ಲ ಖಾನೆಯಲ್ಲೂ ಗುರುತು ಬೀಳುತ್ತದೆ. ಓದಿನಲ್ಲಿ ಮುಂದಿರುವ, ದೊಡ್ಡವರ ಮುಂದೆ ವಿನಯದಿಂದಿರುವ, ಗುಂಪಿನ ನಾಯಕತ್ವ ಹಿಡಿದಿರುವ ಮಗು ಬೇರೆಯವರನ್ನು ಹೊರಗಿಡುತ್ತಿದ್ದರೆ ಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಶೌಚಾಲಯ, ಮೆಟ್ಟಿಲು, ಶಾಲಾ ವಾಹನ, ಸಾಲು ನಿಲ್ಲುವ ಜಾಗ ಶಿಕ್ಷಕರಿಗೆ ಕಾಣದವು. ಹಾಗಾಗಿ "ಈ ಮಗು ಹೇಗೆ?" ಎನ್ನದೆ "ಕಳೆದ ನಾಲ್ಕು ವಾರದಲ್ಲಿ ಕಣ್ಣಾರೆ ಕಂಡದ್ದು ಎಷ್ಟು ಸಲ?" ಎಂದು ನಡವಳಿಕೆಯ ಲೆಕ್ಕದಲ್ಲೇ ಕೇಳಿ.

ಜಾಗ ತಿಳಿಯಲು ಶಾಲೆಯ ನಕ್ಷೆಯಷ್ಟು ಒಳ್ಳೆಯ ಸಾಧನ ಬೇರಿಲ್ಲ. ಒಂದು ಹಾಳೆಯಲ್ಲಿ ಕಟ್ಟಡ, ಅಂಗಳ, ಗೇಟು ಬರೆದು ಕೊಡಿ. ಹೆದರಿಕೆ ಆಗುವ ಜಾಗಕ್ಕೆ ಕೆಂಪು, ಖುಷಿಯ ಜಾಗಕ್ಕೆ ಹಸಿರು. ಯಾವ ಹೊತ್ತು ಎಂದು ಪಕ್ಕದಲ್ಲಿ ಚಿತ್ರ: ಸೂರ್ಯ ಹುಟ್ಟುತ್ತಿರುವುದು, ನೆತ್ತಿಯ ಮೇಲಿರುವುದು, ಶಾಲೆ ಬಿಡುವ ಗಂಟೆ. ಹೆಸರು ಬರೆಸಬೇಡಿ. ಎಲ್ಲ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಕೆಂಪು ದಟ್ಟವಾದ ಎರಡು ಮೂರು ಜಾಗ ತಾವಾಗಿಯೇ ಕಾಣುತ್ತವೆ. ಅಲ್ಲಿ ನಾಳೆಯಿಂದಲೇ ಒಬ್ಬ ದೊಡ್ಡವರನ್ನು ನಿಲ್ಲಿಸಬಹುದು, ವರದಿಗೆ ಕಾಯಬೇಕಿಲ್ಲ.

ಪುಟ್ಟಚೀಲ:
ಸಮೀಕ್ಷೆಗೆ ಮೊದಲೇ ಒಂದು ಮಗುವಿನ ಮೇಲೆ ದೂರು ಬಂದರೆ? ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುವುದು ಹಲವು ಕಡೆ ರೂಢಿ. ಅದು ಸರಿಯೇ ಎಂದು ತಿಳಿಯಬೇಕಿತ್ತು.

ಮಕ್ಕಳಮಾತು:
ಎದುರುಬದುರು ಬೇಡವೇ ಬೇಡ. ಸಮಬಲದ ಜಗಳಕ್ಕೆ ಅದು ಸರಿ. ಇಲ್ಲಿ ಹೆದರಿದ ಮಗು ಹೆದರಿಸಿದವರ ಮುಖ ನೋಡುತ್ತಲೇ "ಏನೂ ಆಗಿಲ್ಲ" ಎನ್ನುತ್ತದೆ, ಆ ಒಂದು ಮಾತು ದಾಖಲೆಯಾಗಿ ಕೂರುತ್ತದೆ. ಹೊರಗೆ ಬಂದ ಮೇಲೆ ಸೇಡು ಬೇರೆ.

ನೊಂದ ಮಗುವಿನ ಜೊತೆ ಮೊದಲು, ಒಬ್ಬರೇ, ಬೇರೆಯವರಿಗೆ ಕಾಣದ ಜಾಗದಲ್ಲಿ. "ನೀನು ಹೇಳಿದ್ದು ಗುಟ್ಟಾಗಿರುತ್ತೆ" ಎಂದು ಪೂರ್ತಿ ಮಾತು ಕೊಡಬೇಡಿ. "ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡೋರಿಗೆ ಹೇಳಬೇಕಾಗುತ್ತೆ" ಎಂದು ಮೊದಲೇ ತಿಳಿಸಿ. ಪ್ರಶ್ನೆ ತೆರೆದಿರಲಿ: "ಏನಾಯ್ತು, ಹೇಳು." "ಅವನು ನಿನಗೆ ಹೊಡೆದನಾ?" ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ. ಮಗು ಹೇಳಿದ ಪದಗಳನ್ನೇ ಬರೆದುಕೊಳ್ಳಿ, ನಿಮ್ಮ ಪದಕ್ಕೆ ತಿದ್ದಬೇಡಿ. ಎಲ್ಲಿ, ಯಾವ ಹೊತ್ತು, ಸುತ್ತ ಯಾರಿದ್ದರು, ಅವರು ಏನು ಮಾಡಿದರು, ಇದಕ್ಕೆ ಮುಂಚೆ ಯಾವಾಗ ಆಗಿತ್ತು ಎಂದು ಕೇಳಿ. "ಯಾಕೆ ಸುಮ್ಮನಿದ್ದೆ?" ಮಾತ್ರ ಬೇಡ, ತಪ್ಪು ತನ್ನದೇ ಎಂದು ಮಗುವಿಗೆ ಅನ್ನಿಸುತ್ತದೆ. ಆಮೇಲೆ ನೋಡಿದ ಮಕ್ಕಳು, ಒಬ್ಬೊಬ್ಬರಾಗಿ. ಕೊನೆಗೆ ಕಾಟ ಕೊಟ್ಟ ಮಗು. ಆ ಮಗುವಿಗೂ ಬೇರೆ ಯಾರಿಂದಾದರೂ ಕಾಟ ಇದೆಯಾ ಎಂದು ಕೇಳುವುದನ್ನು ಮರೆಯಬೇಡಿ. ಇಷ್ಟೂ ಒಂದೇ ದಿನದಲ್ಲಿ ಆಗಬೇಕು, ನಾಳೆಗೆ ಬಿಟ್ಟರೆ ಮಾತು ಒಬ್ಬರಿಂದ ಒಬ್ಬರಿಗೆ ಹರಡಿ ಎಲ್ಲರ ನೆನಪೂ ಒಂದೇ ಆಗಿಬಿಡುತ್ತದೆ.

ಅಳತೆಗೋಲು:
ಫಲಿತಾಂಶ ಓದುವುದರ ಬಗ್ಗೆ ನಾಲ್ಕು ಮಾತು.

ಎರಡು ಪುಟದ ಉತ್ತರದಿಂದ ಮಕ್ಕಳನ್ನು ನಾಲ್ಕು ಗುಂಪು ಮಾಡಿ: ಕಾಟ ತಿನ್ನುವವರು ಮಾತ್ರ, ಕೊಡುವವರು ಮಾತ್ರ, ಎರಡೂ, ಎರಡೂ ಅಲ್ಲದವರು. "ಎರಡೂ" ಗುಂಪು ಚಿಕ್ಕದು, ಆದರೆ ಸಾಮಾನ್ಯವಾಗಿ ಅತಿ ಹೆಚ್ಚು ತೊಂದರೆಯಲ್ಲಿರುವುದು ಆ ಮಕ್ಕಳೇ. ಇವರನ್ನು "ಕೊಡುವವರು" ಖಾನೆಗೆ ತಳ್ಳಿ ಶಿಕ್ಷೆ ಕೊಟ್ಟರೆ ಇವರಿಗೆ ಆಗುತ್ತಿರುವ ಅನ್ಯಾಯ ಮುಚ್ಚಿಹೋಗುತ್ತದೆ.

30 ಮಕ್ಕಳ ತರಗತಿಯಲ್ಲಿ 6 ಇದ್ದದ್ದು 4 ಆದರೆ "ಶೇ 33 ಇಳಿಕೆ" ಎಂದು ಬರೆಯಬೇಡಿ. ಇಬ್ಬರು ಮಕ್ಕಳು ಅಂದು ಗೈರಾಗಿದ್ದರೂ ಅಷ್ಟೇ ವ್ಯತ್ಯಾಸ. ಯಾವುದೇ ಖಾನೆಯಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿದ್ದರೆ ಆ ಅಂಕಿ ಹೊರಗೆ ಕೊಡಬೇಡಿ. "4ನೇ ತರಗತಿ, ಹುಡುಗಿಯರು, ಶಾಲಾ ವಾಹನ: 2" ಎಂದರೆ ಆ ಇಬ್ಬರು ಯಾರು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಮತ್ತೆ ಅಳೆಯುವುದಾದರೆ ಮುಂದಿನ ವರ್ಷ ಅದೇ ತಿಂಗಳು, ಅದೇ ಪ್ರಶ್ನೆ, ಅದೇ ಗಡಿರೇಖೆ. ನಡುವೆ ಜಾಗೃತಿ ಕಾರ್ಯಕ್ರಮ ಮಾಡಿದ್ದರೆ ಮೊದಲ ಅಳತೆಗಿಂತ ಎರಡನೆಯದು ಏರಬಹುದು. ಮುಂಚೆ ಸಹಜ ಅಂದುಕೊಂಡದ್ದನ್ನು ಮಕ್ಕಳು ಈಗ ಗುರುತಿಸುತ್ತಾರೆ, ಹೇಳುವ ಧೈರ್ಯವೂ ಬಂದಿರುತ್ತದೆ. ಅದನ್ನು ಸೋಲು ಎಂದು ಓದಿ ಕಾರ್ಯಕ್ರಮ ನಿಲ್ಲಿಸಬಾರದು. "ದೊಡ್ಡವರಿಗೆ ಹೇಳಿದೆಯಾ? ಹೇಳಿದ ಮೇಲೆ ಕಡಿಮೆಯಾಯಿತಾ?" ಎಂಬ ಎರಡು ಪ್ರಶ್ನೆ ಜೊತೆಗಿದ್ದರೆ ಏರಿಕೆ ಯಾವ ಬಗೆಯದು ಎಂದು ತಿಳಿಯುತ್ತದೆ.

ಬಿಳಿಹಲಗೆ:
ಇದೊಂದು ಬಗೆಹರಿದಿಲ್ಲ. ಹೆಸರು ಬರೆಸಿದರೆ ಮಕ್ಕಳು ಹೇಳುವುದಿಲ್ಲ. ಬರೆಸದಿದ್ದರೆ ವಾರದಲ್ಲಿ ಹಲವು ಸಲ ಪೆಟ್ಟು ತಿನ್ನುವ ಮಗು ಇದೆ ಎಂದು ತಿಳಿದೂ ಯಾರೆಂದು ತಿಳಿಯದೆ ಕೈಕಟ್ಟಿ ಕೂರಬೇಕು.

ಮಕ್ಕಳಮಾತು:
ಪ್ರಶ್ನಾವಳಿಗೆ ಹೆಸರು ಬೇಡ. ಜೊತೆಗೆ ಒಂದು ಚಿಕ್ಕ ಚೀಟಿ ಕೊಡಿ: "ನಾನು ಒಬ್ಬರ ಜೊತೆ ಮಾತಾಡಬೇಕು" ಎಂದು ಮುದ್ರಿಸಿ, ಕೆಳಗೆ ಹೆಸರಿಗೆ ಜಾಗ. ಬೇಕಿದ್ದವರು ಹೆಸರು ಬರೆಯುತ್ತಾರೆ, ಬೇಡದವರು ಅಲ್ಲೊಂದು ಹೂವಿನ ಚಿತ್ರ ಬರೆಯಲಿ. ಎಲ್ಲರೂ ಬರೆಯಬೇಕು, ಎಲ್ಲರೂ ಮಡಚಬೇಕು, ಎಲ್ಲರೂ ಡಬ್ಬಿಗೆ ಹಾಕಬೇಕು. ಹೂವು ಬರೆಸುವುದು ಯಾಕೆಂದರೆ ಒಂದು ಮಗುವಿನ ಪೆನ್ಸಿಲ್ ಮಾತ್ರ ಓಡುತ್ತಿರುವುದು ಪಕ್ಕದವರಿಗೆ ಕಾಣಬಾರದು. ಡಬ್ಬಿಯನ್ನು ಅಂದೇ ತೆರೆಯಿರಿ, ಹೆಸರು ಬರೆದ ಪ್ರತಿ ಮಗುವನ್ನೂ ಮರುದಿನ ಶಾಲೆ ಬಿಡುವುದರೊಳಗೆ ಮಾತಾಡಿಸಿ. ಒಂದು ವಾರ ತಡವಾದರೆ ಆ ಮಗು ಮುಂದಿನ ಸಲ ಬರೆಯುವುದಿಲ್ಲ. ಮಾತಾಡಿಸಲು ಸಾಕಷ್ಟು ಜನ ಇಲ್ಲದಿದ್ದರೆ ದಿನಕ್ಕೆ ಒಂದೇ ತರಗತಿಗೆ ಸಮೀಕ್ಷೆ ಮಾಡಿ, 210 ಮಕ್ಕಳದ್ದು ಒಂದೇ ದಿನ ಬೇಡ.

ಎರಡನೇಗಂಟೆ:
ಮೇಲಿನ ಪಟ್ಟಿಯಲ್ಲಿ ನಾಲ್ಕನೆಯದನ್ನು ತಿದ್ದಬೇಕು, ಮೇಡಂ. "ಆಟಕ್ಕೆ ನನ್ನನ್ನು ಸೇರಿಸಿಕೊಳ್ಳಲಿಲ್ಲ" ಎಂಬುದರ ಎದುರು "ಆಗಿಲ್ಲ" ಎಂಬ ಉತ್ತರ ಇದ್ದರೆ ಎರಡು "ಇಲ್ಲ" ಸೇರಿ ಮಗು ತಬ್ಬಿಬ್ಬಾಗುತ್ತದೆ. ಸೇರಿಸಿಕೊಂಡಿದ್ದಕ್ಕೂ ಕೆಲವರು "ವಾರದಲ್ಲಿ ಹಲವು ಸಲ" ಎಂದು ಗುರುತು ಹಾಕುತ್ತಾರೆ. ಜೊತೆಗೆ ಒಂದೇ ಸಾಲಿನಲ್ಲಿ ಎರಡು ಸಂಗತಿ ಇವೆ, ಒಂದು ಆಗಿ ಇನ್ನೊಂದು ಆಗದಿದ್ದರೆ ಮಗು ಏನು ಬರೆಯಬೇಕು?

ಮಕ್ಕಳಮಾತು:
ಸರಿಯಾಗಿ ಹಿಡಿದಿರಿ. ಒಡೆದು ಹೀಗೆ ಬರೆಯೋಣ: "ಬೇಕು ಅಂತಲೇ ನನ್ನನ್ನು ಆಟದಿಂದ ಹೊರಗಿಟ್ಟರು." "ನನ್ನ ಜೊತೆ ಆಡಬೇಡಿ ಅಂತ ಬೇರೆಯವರಿಗೆ ಹೇಳಿಕೊಟ್ಟರು." ಐದನೆಯದರಲ್ಲೂ "ಮಾತಾಡದ ಹಾಗೆ" ಎಂಬ ತೊಡಕಿದೆ. ಅದನ್ನು "ನನ್ನ ಬಗ್ಗೆ ಸುಳ್ಳು ಹಬ್ಬಿಸಿದರು" ಎಂದು ಅಷ್ಟಕ್ಕೇ ನಿಲ್ಲಿಸಿದರೆ ಸಾಕು. ಅಚ್ಚಿಗೆ ಹೋಗುವ ಮುಂಚೆ 3ನೇ ತರಗತಿಯ ಐದಾರು ಮಕ್ಕಳಿಗೆ ಒಂದೊಂದೇ ಸಾಲು ಓದಿಸಿ, "ಇದು ಏನು ಕೇಳ್ತಿದೆ, ನಿನ್ನ ಮಾತಲ್ಲಿ ಹೇಳು" ಎಂದು ಕೇಳಿ ನೋಡಿ, ಬಿಳಿಹಲಗೆ ಅವರೇ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಇಲ್ಲಿ ಹಾಕಿ, ತಿದ್ದಿಕೊಡುತ್ತೇವೆ.